ನಮ್ಮ ಮನೆಯ ಎರಡು ವೋಟು

ಜೂನ್ 27, 2024, ಗುರುವಾರ. ಅಲ್ಫರೆಟಾ.

ನನ್ನ ಗಂಡ ಯಶವಂತ್ ಆಡಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಅಧ್ಯಕ್ಷೀಯ ಚುನಾವಣೆಯ ಡಿಬೇಟ್ ನಮ್ಮ ಅಟ್ಲಾಂಟಾದಲ್ಲೇ ಎಂದು ಸ್ನೇಹಿತರನ್ನೆಲ್ಲ ಟಿವಿ ನೋಡಲು ಮನೆಗೆ ಕರೆದಿದ್ದ. ಪಕ್ಕದ ಮನೆಯ ವೆಂಡೆಲ್ ಅಂಕಲ್ ಕೂಡ ತಟ್ಟೆಯಲ್ಲಿ ಆಪಲ್ ಪೈ ಹಿಡಿದು ಬಂದರು. ಅವರು ಬರುವ ಮೊದಲೇ ನಮಗೆಲ್ಲ ಯಶವಂತ್ ಪಾಠ ಮಾಡಿದ್ದ: “ಅವ್ರು ಬ್ಲ್ಯಾಕ್, ಪಕ್ಕಾ ಡೆಮಾಕ್ರಾಟ್. ರಿಪಬ್ಲಿಕನ್ ಪರ ಯಾರೂ ಬಾಯಿ ಬಿಡ್ಬೇಡಿ.”

ಕಪ್ಪು ಮತದಾರರ ಪ್ರಶ್ನೆ ಬಂದಾಗ ಸೋಫಾದಲ್ಲಿದ್ದವರೆಲ್ಲ ಟಿವಿ ಬಿಟ್ಟು ಅಂಕಲ್ ಮುಖ ನೋಡಿದರು. ಅವರಿಗೆ ನಗು ಬಂತು.

“ಎರಡೂ ಪಾರ್ಟಿಗೆ ಹಾಕಿದ್ದೇನೆ. ಈ ಸಲ ಇನ್ನೂ ತೀರ್ಮಾನಿಸಿಲ್ಲ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀನು?” ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಯಶವಂತ್ ಉತ್ತರಿಸಿಬಿಟ್ಟ. “ನಮ್ಮ ಮನೆಯ ಎರಡು ವೋಟೂ ಒಂದೇ ಕಡೆ!”

ಮೈಸೂರಿನಲ್ಲಿ ಮಾವ ಗೇಟಿನ ಬಳಿ ನಿಂತು ಪ್ರಚಾರಕ್ಕೆ ಬಂದವರಿಗೆ ಹೀಗೇ ಹೇಳುತ್ತಿದ್ದರು: “ನಮ್ಮನೇದು ಆರು ವೋಟು, ಎಲ್ಲಾ ನಿಮಗೇ.” ಅತ್ತೆ ಒಳಗೆ ಒಗ್ಗರಣೆ ಹಾಕುತ್ತಿರುತ್ತಿದ್ದರು. ಆಗ ನಾನೂ ನಗುತ್ತಿದ್ದೆ.

ಎಲ್ಲರೂ ಹೋದ ಮೇಲೆ ಕೇಳಿದೆ, “ನನ್ ವೋಟು ಯಾವ ಕಡೆ ಅಂತ ನಿಂಗೆ ಹೇಗೆ ಗೊತ್ತು?”

“ನೀನು ನನ್ ಹೆಂಡ್ತಿ ತಾನೆ,” ಎಂದು ನಕ್ಕು ಮಲಗಲು ಹೋದ.

ಅಂಕಲ್ ವಿಷಯದಲ್ಲಿ ಬಣ್ಣವನ್ನಾದರೂ ನೋಡಿ ಹೇಳಿದ್ದ. ನನ್ನ ವಿಷಯದಲ್ಲಿ ನೋಡುವುದೇ ಬೇಕಾಗಲಿಲ್ಲ.

ಪೈ ತಟ್ಟೆಯನ್ನು ಖಾಲಿ ಕಳಿಸಬಾರದೆಂದು ಕೋಡುಬಳೆ ತುಂಬಿಟ್ಟಿದ್ದೇನೆ. ಬೆಳಿಗ್ಗೆ ಕೊಟ್ಟು ಬರುತ್ತೇನೆ ಎಂದಿದ್ದಾನೆ ಯಶವಂತ್. ಬೇಡ, ನಾನೇ ಹೋಗುತ್ತೇನೆ. ಅಂಕಲ್ ಕೇಳಿದ್ದು ನನ್ನನ್ನು.