ರಟ್ಟಿನ ಮೇಲಿನ ಎರಡು ಗುಳಿ

ಫೆಬ್ರವರಿ 9, ಸಂಜೆ 7

ಇವತ್ತೂ ಸೈಕಲ್ ಮೇಲೆ ಮೂವತ್ತು ಕಿಲೋಮೀಟರ್. ಬೋರಲು ಮಲಗಿ ಬರೆಯುತ್ತಿದ್ದೇನೆ. ಸೀಟಿಗೆ ಜೆಲ್ ಕವರ್ ಹಾಕಿದ್ದಾಯಿತು, ಸೀಟಿನ ಮೂತಿ ಬಗ್ಗಿಸಿದ್ದಾಯಿತು, ಪ್ಯಾಡ್ ಚಡ್ಡಿ ಎರಡಾಯಿತು. ಉರಿ ಮಾತ್ರ ಹೋಗಲಿಲ್ಲ. ನಾಲ್ಕು ಜನರಿಗೆ ಹೇಳಿಕೊಳ್ಳುವ ಜಾಗವೇ ಅದು? ತಂಗಿಯೊಬ್ಬಳಿಗೇ ಹೇಳುವುದು. ಮುಲಾಮು ತಂದು ಹಚ್ಚಿದಳು.

“ಅಭ್ಯಾಸ ಆಗುತ್ತೆ ಬಿಡೇ ಅಕ್ಕ.”

ಅವಳಿಗೇನು, ಸೋಫಾದಲ್ಲಿ ಕೂತ ಹಾಗೆ ತುಳಿಯುತ್ತಾಳೆ. ಜನವರಿಯಲ್ಲಿ ಇಬ್ಬರೂ ಒಂದೇ ದಿನ ಹೊಸ ಸೀಟು ಹಾಕಿಸಿದ್ದು. ಸೈಕಲ್ ಅಂಗಡಿಯ ಸ್ಪ್ಯಾನರ್ ಅಣ್ಣ ಇಬ್ಬರನ್ನೂ ಒಂದೊಂದು ರಟ್ಟಿನ ತುಂಡಿನ ಮೇಲೆ ಕೂರಿಸಿ, ಮೂಳೆ ಊರಿದ ಎರಡು ಗುಳಿಗಳ ಅಂತರ ಅಳೆದು, ಅದಕ್ಕೆ ತಕ್ಕ ಅಗಲದ ಸೀಟು ಹಾಕಿದ್ದ. ಅಳತೆ ತಪ್ಪೋಕೆ ಸಾಧ್ಯವೇ ಇಲ್ಲ. ನನ್ನ ಮೈಯೇ ಸರಿಯಿಲ್ಲವೇನೋ...

ಫೆಬ್ರವರಿ 23

ಲ್ಯಾಬಿನಲ್ಲಿ ಇಡೀ ದಿನ ನಿಂತೇ ಕೆಲಸ. ಇನ್ನೂರು ರಕ್ತದ ಟ್ಯೂಬಿಗೆ ಲೇಬಲ್. ಸ್ಟೂಲ್ ಕಂಡರೆ ಕಣ್ಣಲ್ಲಿ ನೀರು. ಡಾಕ್ಟರಮ್ಮ ಗದರಿದರು — “ಚರ್ಮ ಕಿತ್ತುಹೋಗಿದೆ. ಯಾರ್ರೀ ಈ ಸೀಟು ಕೊಟ್ಟೋರು?”

ಮಾರ್ಚ್ 6

ಭಾನುವಾರದ ಇನ್ನೂರು ಕಿಲೋಮೀಟರ್ ರೈಡ್ ಬಿಟ್ಟೆ. ಒಂದು ವರ್ಷ ಕಾದಿದ್ದೆ. ಅಳುತ್ತಾ ಕೂತಿದ್ದಾಗ ತಂಗಿಯೇ ನನ್ನ ಫೋನ್ ತಗೊಂಡು ರೈಡ್ ನಡೆಸುವವರಿಗೆ ಮೆಸೇಜ್ ಹಾಕಿದಳು — ಆರೋಗ್ಯ ಸರಿಯಿಲ್ಲ, ಹೆಸರು ತೆಗೆಯಿರಿ. ತಲೆ ಸವರಿದಳು. “ನಿನ್ನ ಪಾಲಿಂದೂ ನಾನೇ ತುಳೀತೀನಿ ಅಕ್ಕ.”

ಮಾರ್ಚ್ 9, ಮಧ್ಯಾಹ್ನ 1

ನನ್ನದು ಪಂಕ್ಚರ್. ತಂಗಿಯ ಸೈಕಲ್ ಹತ್ತಿ ಔಷಧಿ ಅಂಗಡಿಗೆ ಹೊರಟೆ. ಗಲ್ಲಿ ದಾಟಿದೆ. ನೋವಿಲ್ಲ! ಬೇಕೆಂದೇ ಉದ್ದದ ದಾರಿ ಹಿಡಿದೆ. ಗಾಯಕ್ಕೆ ತಾಗುತ್ತಲೇ ಇಲ್ಲ. ನೇರ ಸ್ಪ್ಯಾನರ್ ಅಣ್ಣನ ಹತ್ತಿರ ಹೋಗಿ, ಅವಳ ಸೀಟು ನನಗೆ ಹೇಗೆ ಒಗ್ಗಿತು ಎಂದು ಕೇಳಿದೆ.

“ತಂಗಿ ಹೇಳ್ಲಿಲ್ವಾಮ್ಮ?” ಅವನ ಮುಖ ಬಿಳಿಚಿತು. “ನೀವು ಕಡ್ಡಿ, ಅವರು ದಪ್ಪ. ಅಗಲದ ಗುಳಿ ನಿಮ್ದು ಅಂದ್ರೆ ನಂಬ್ಲಿಲ್ಲ ನಾನು. ರಟ್ಟೇ ಅದಲುಬದಲಾಗಿದೆ ಅನ್ಕೊಂಡು ಅಗಲದ ಸೀಟು ಅವರಿಗೆ ಹಾಕ್ದೆ. ರಟ್ಟಿನ ಹಿಂದೆ ನಾನೇ ಬರೆದಿದ್ದ ಹೆಸರು ಆಮೇಲೆ ನೋಡ್ದೆ, ಅದಲುಬದಲಾಗಿರ್ಲಿಲ್ಲ. ಜನವರಿಯಲ್ಲೇ ತಂಗಿಗೆ ಫೋನ್ ಮಾಡಿ, ಸೀಟು ಬದಲಾಗಿದೆ ಅಂದೆನಲ್ಲ! ‘ಇಬ್ರಿಗೂ ಒಗ್ಗಿದೆ, ಬಿಡಿ’ ಅಂದ್ರು.”

ಜನವರಿಯಲ್ಲೇ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ.

ಅದೇ ದಿನ, ಸಂಜೆ

ತಂಗಿಯನ್ನು ಕೇಳಿದೆ. ಸುಳ್ಳು ಹೇಳಲಿಲ್ಲ, ಅದೊಂದು.

“ಹುಟ್ಟಿದಾಗಿಂದ ನಿನ್ನ ಹಿಂದೇನೇ ಇದ್ದೆ. ಮೊದಲ್ನೇ ಸಲ ಮುಂದೆ ಹೋದೆ. ಕೊಡೋಕೆ ಮನಸ್ಸು ಬರ್ಲಿಲ್ಲ.”

ಮುಲಾಮು ಹಚ್ಚಿದ ಕೈ ಅದು. ಹಚ್ಚುವಾಗಲೂ ಗೊತ್ತಿತ್ತು. ಇನ್ನು ಯಾರನ್ನು ನಂಬಲಿ? ಊಟ ಮಾಡಲಿಲ್ಲ. ಅವಳು ಮಾಡಿದಳು.

ಮಾರ್ಚ್ 10, ಭಾನುವಾರ, ಬೆಳಿಗ್ಗೆ 4.40

ನನ್ನ ಸೈಕಲ್ಲಿನ ಪಂಕ್ಚರಿಗೆ ತೇಪೆ ಹಾಕಿ, ಅವಳ ಸೀಟು ಬಿಚ್ಚಿ ಅದಕ್ಕೆ ಹಾಕಿಕೊಂಡೆ. ಅವಳದು ಎಂದೇಕೆ ಬರೆದೆ — ನನ್ನದೇ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಹೋಗುತ್ತೇನೆ, ಇನ್ನೂರಾಗದಿದ್ದರೆ ಇಪ್ಪತ್ತು. ಕಿರಿದಾದ ಸೀಟು ಮೆಟ್ಟಿಲ ಮೇಲಿದೆ, ಪಕ್ಕದಲ್ಲಿ ಸ್ಪ್ಯಾನರ್. ಅವಳ ಅಳತೆಯದೇ. ಹಾಕಿಕೊಳ್ಳಲಿ.

ಆದರೆ ಅವಳಿಗೆ ನಟ್ಟು ಬಿಗಿ ಮಾಡಲು ಬರುವುದಿಲ್ಲ. ಯಾವಾಗಲೂ ನಾನೇ ಮಾಡಿಕೊಡುವುದು.

ಬಾಗಿಲ ಸದ್ದು. “ಅಕ್ಕಾ, ನನ್ನ ಸೀಟು...” ಮೆಟ್ಟಿಲ ಮೇಲೆ ನಿಂತಿದ್ದಾಳೆ, ಸ್ಪ್ಯಾನರ್ ನನ್ನ ಕಡೆ ಚಾಚಿಕೊಂಡು. ನಾನು ಪೆನ್ನು ಕೆಳಗಿಡುತ್ತೇನೆ, ನಟ್ಟು ಬಿಗಿಯಬೇಕು.