ಅಮ್ಮ ಹೋದ ದಿನದ ಹಾಳೆ

ಜೆ.ಪಿ. ನಗರ

ಅಪ್ಪನಿಗೆ,

ಬೆಟ್ಟದ ವೀಕ್ಷಣಾಲಯದವರು ನೀವು ಅಲ್ಲಿ ಕೆಲಸದಲ್ಲಿದ್ದಾಗ ಬರೆದ ಸೂರ್ಯನ ಕಲೆಗಳ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ್ದಾರೆ. ಪ್ರದರ್ಶನಕ್ಕಿಡಲು ನಿಮ್ಮ ಒಪ್ಪಿಗೆ ಬೇಕಂತೆ. ಸಹಿ ಹಾಕಿ ತಮ್ಮನ ಕೈಲಿ ಕಳಿಸಿ. ನೀವು ಬರುವುದು ಬೇಡ.

ಮೂವತ್ತು ವರ್ಷ, ಬಿಸಿಲಿದ್ದ ಒಂದು ದಿನವನ್ನೂ ನೀವು ಬಿಟ್ಟಿಲ್ಲ. ಅಮ್ಮ ತೀರಿಕೊಂಡ ದಿನದ ಹಾಳೆಯೂ ಇದೆ. ಅಂದು ಬೆಟ್ಟದಲ್ಲಿ ಮಳೆ, ಘಾಟಿ ರಸ್ತೆ ಬಂದ್, ಬರಲಾಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಿರಿ. ಹಾಳೆಯಲ್ಲಿ ಏಳು ಕಲೆಗಳಿವೆ. ಕೆಳಗೆ ನಿಮ್ಮದೇ ಅಕ್ಷರ: ‘ಬೆಳಗಿನಿಂದ ನಿರ್ಮಲ ಆಕಾಶ. ವೀಕ್ಷಣೆ ಉತ್ತಮ.’

ಅದನ್ನೂ ಪ್ರದರ್ಶನಕ್ಕೆ ಕೊಡಿ, ನನ್ನ ಅಭ್ಯಂತರವಿಲ್ಲ.

ಜಯನಗರದ ಆಸ್ಪತ್ರೆಯಲ್ಲಿ ಅಮ್ಮ ಸಂಜೆಯವರೆಗೂ ಒಂದೇ ಮಾತು ಕೇಳುತ್ತಿದ್ದಳು: “ಬೆಟ್ಟದಲ್ಲಿ ಮಳೆ ನಿಲ್ತಂತೇನೇ, ಶರೂ?”

ಇಂತಿ,
ಶರ್ವಾಣಿ