ಐದು ಗಂಟೆಯ ನಗು

ಏಪ್ರಿಲ್ ೯, ಬುಧವಾರ

ಊರಿನ ನಡುವಿನ ಉದ್ಯಾನದಲ್ಲಿರುವ ಹಸಿರು ಬೆಂಚಿಗೂ ನನಗೂ ಇಂದಿನಿಂದ ಯಾವ ಸಂಬಂಧವೂ ಇಲ್ಲವೆಂದು ಸಮಸ್ತ ಲೋಕಕ್ಕೆ ಈ ಮೂಲಕ ಘೋಷಿಸುತ್ತೇನೆ.

ಆ ಬೆಂಚಿನ ಮೇಲೆ ಗಡಿಯಾರ ರಿಪೇರಿಯವರಿಗೆ ಚಹಾ ಕೊಟ್ಟು ಓದಿ ಹೇಳದೆ ಪತ್ರಿಕೆಗೆ ನಾನು ಬರೆಯುವ ಒಂದು ನಗೆ ಅಂಕಣವೂ ಅಚ್ಚಿಗೆ ಹೋದದ್ದಿಲ್ಲ. ಅವರು ತೊಡೆ ತಟ್ಟಿಕೊಂಡು ನಕ್ಕ ಸಾಲು ಉಳಿಯುತ್ತಿತ್ತು, ನಗದ ಸಾಲು ಅಲ್ಲೇ ಸಾಯುತ್ತಿತ್ತು. ಇಂದು ಎಂದಿಗಿಂತ ಬೇಗ ಹೋದೆ. ಹಳೆಯ ಕೋಟೆಗೋಡೆ ದಾಟುವಾಗಲೇ ಆ ನಗು ಕೇಳಿಸಿತು. ನನ್ನ ಬೆಂಚು, ನನ್ನ ನಗು. ಓದುತ್ತಿದ್ದವನು ಮಾತ್ರ ಎದುರಾಳಿ ಪತ್ರಿಕೆಯ ಅಂಕಣಕಾರ.

“ಬೇಗ ಬಂದ್ಬಿಟ್ರಲ್ಲ ಸ್ವಾಮಿ,” ಎಂದರು ರಿಪೇರಿಯವರು, ಕಿಂಚಿತ್ತೂ ತಬ್ಬಿಬ್ಬಾಗದೆ. “ಇವರದು ಐದು ಗಂಟೆಗೆ, ನಿಮ್ಮದು ಆರಕ್ಕೆ.” ಆಮೇಲೆ ನನ್ನನ್ನು ಗುಲಾಬಿ ಗಿಡಗಳ ಬಳಿ ಕರೆದೊಯ್ದು ಪಿಸುಗುಟ್ಟಿದರು: “ನಿಮ್ಮದಕ್ಕೆ ನಗು ಬಂದೇ ನಗ್ತೀನಿ. ಅವರದಕ್ಕೆ, ಪಾಪ, ಬೇಜಾರಾಗ್ದೇ ಇರ್ಲಿ ಅಂತ.”

ಎದೆ ತಂಪಾಯಿತು, ಗೇಟಿನವರೆಗೆ. ಅಲ್ಲಿ ಎದುರಾಳಿ ಪತ್ರಿಕೆಯವನು ಕಾಯುತ್ತಿದ್ದ.

“ಗುಲಾಬಿ ಗಿಡದ ಹತ್ರ ಕರ್ಕೊಂಡು ಹೋದ್ರಾ? ಹೋದ ತಿಂಗಳು ನನ್ನನ್ನೂ ಕರ್ಕೊಂಡು ಹೋಗಿದ್ರು. ಆವತ್ತು ‘ಪಾಪ’ ಅನ್ನಿಸ್ಕೊಂಡಿದ್ದು ನೀವು.”

ಹಾಗಾದರೆ ಇಷ್ಟು ವರ್ಷ ನಾನು ಅಚ್ಚು ಹಾಕಿಸಿದ್ದು ಅವರ ನಗುವನ್ನೋ, ಕನಿಕರವನ್ನೋ? ನಾಡಿದ್ದಿನ ಅಂಕಣ ಮೇಜಿನ ಮೇಲೆ ಬಿದ್ದಿದೆ. ಯಾವ ಸಾಲು ಹೊಡೆದುಹಾಕಬೇಕೋ ತಿಳಿಯುತ್ತಿಲ್ಲ.

ನಾನಿಲ್ಲದಾಗ ಈ ದಿನಚರಿಯನ್ನು ಕದ್ದು ಓದುವ ನನ್ನ ಹೆಂಡತಿಯಲ್ಲಿ ಒಂದು ವಿನಂತಿ: ನಾಳೆ ಫ್ಲಾಸ್ಕಿನ ಜೊತೆ ಒಂದೇ ಲೋಟ ಇಡು. ಬೇಡ, ಎರಡೂ ಇರಲಿ. ಚಹಾ ಮಾತ್ರ ನಾಲ್ಕೂವರೆಗೇ ತುಂಬಿಸಿಡು.